ಕ್ಲಿನಿಕಲ್ ಸೈಕಾಲಜಿಯಲ್ಲಿ ಸಾಹಿತ್ಯ ಸಮೀಕ್ಷೆ: ಪ್ರಶ್ನೆಯಿಂದ ಕೊನೆಯ ಕರಡಿನವರೆಗೆ

'ಸಾಹಿತ್ಯ ವಿಮರ್ಶೆ' ಎಂದೊಡನೆ ಕನ್ನಡದ ಓದುಗರಿಗೆ ಕಾವ್ಯ, ಕಾದಂಬರಿಗಳ ವಿಮರ್ಶೆಯೇ ನೆನಪಾಗುವುದರಿಂದ ಇಲ್ಲಿ 'ಸಾಹಿತ್ಯ ಸಮೀಕ್ಷೆ' ಎಂಬ ಪದವನ್ನು ಬಳಸುತ್ತೇನೆ. ವಿಭಾಗದಲ್ಲಿ ಎಲ್ಲರೂ ಅದನ್ನು 'ರಿವ್ಯೂ' ಎಂದೇ ಕರೆಯುತ್ತಾರೆ. ಎಂ.ಎ., ಎಂ.ಎಸ್‌ಸಿ., ಎಂ.ಫಿಲ್. ಅಥವಾ ಸೈ.ಡಿ. ಪದವಿಗೆ ಪ್ರೌಢಪ್ರಬಂಧ ಬರೆಯುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹಿಂದಿನ ಲೇಖನಗಳ ಸಾರಾಂಶಗಳನ್ನು ಇಸವಿಯ ಕ್ರಮದಲ್ಲಿ ಜೋಡಿಸಿ ಅದನ್ನೇ ರಿವ್ಯೂ ಎಂದು ಒಪ್ಪಿಸುತ್ತಾರೆ. ನನ್ನ ಮೊದಲ ಕರಡೂ ಹಾಗೆಯೇ ಇತ್ತು. 'ಇವರೆಲ್ಲ ಏನು ಹೇಳಿದರು ಎಂಬುದು ಗೊತ್ತಾಯಿತು, ಒಬ್ಬರಿಗೊಬ್ಬರು ಯಾಕೆ ಒಪ್ಪುವುದಿಲ್ಲ ಎಂಬುದು ಗೊತ್ತಾಗಲಿಲ್ಲ' ಎಂದು ಮಾರ್ಗದರ್ಶಕರು ಅಂಚಿನಲ್ಲಿ ಬರೆದು ಹಿಂದಿರುಗಿಸಿದರು. ಈ ಬರಹದ ಆಧಾರ ಆ ಮಾತೇ. ಒಂದೇ ತೊಂದರೆಯ ಬಗ್ಗೆ ಎರಡು ಅಧ್ಯಯನಗಳು ಎರಡು ಉತ್ತರ ಕೊಟ್ಟಿದ್ದರೆ ಆ ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕಿ ತೋರಿಸುವುದು ನಮ್ಮ ವಿಷಯದಲ್ಲಿ ಸಮೀಕ್ಷೆಯ ಮುಖ್ಯ ಕೆಲಸವಾಗಿದೆ.

ಬರೀ ನಿಯಮಗಳನ್ನು ಹೇಳಿದರೆ ಅವು ಮನಸ್ಸಿನಲ್ಲಿ ನಿಲ್ಲುವುದಿಲ್ಲವಾದ್ದರಿಂದ, ಬಾಣಂತಿಯರ ಖಿನ್ನತೆ ಎಂಬ ಒಂದೇ ವಿಷಯವನ್ನು ಮೊದಲಿನಿಂದ ಕೊನೆಯವರೆಗೆ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಭಾರತದಲ್ಲಿ, ಅದರಲ್ಲೂ ದಕ್ಷಿಣದ ರಾಜ್ಯಗಳಲ್ಲಿ, ಈ ವಿಷಯದ ಮೇಲೆ ಸಾಕಷ್ಟು ಕೆಲಸ ನಡೆದಿದೆ.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಕಿರಿದಾಗಿಸುವುದು

'ಬಾಣಂತಿಯರ ಖಿನ್ನತೆ' ಎಂಬುದು ವಿಷಯ, ಅದಿನ್ನೂ ಪ್ರಶ್ನೆಯಾಗಿಲ್ಲ. ಪ್ರಶ್ನೆಯಾಗಬೇಕಾದರೆ ಯಾರಲ್ಲಿ, ಏನು ಮಾಡಿದರೆ, ಯಾವುದಕ್ಕೆ ಹೋಲಿಸಿದರೆ, ಯಾವ ಫಲ ಎಂಬ ನಾಲ್ಕು ಸಂಗತಿಗಳು ನಿಗದಿಯಾಗಬೇಕು. ಚಿಕಿತ್ಸೆಯ ಪರಿಣಾಮವನ್ನು ಕೇಳುವ ಪ್ರಶ್ನೆಗಳಿಗೆ ಬಳಸುವ ಈ ಚೌಕಟ್ಟನ್ನು 'ಪಿಕೊ' ಎನ್ನುತ್ತಾರೆ. ಉದಾಹರಣೆಗೆ: 'ಭಾರತ ಮತ್ತು ನೆರೆಯ ದೇಶಗಳಲ್ಲಿ, ಹೆರಿಗೆಯಾಗಿ ಒಂದು ವರ್ಷದೊಳಗಿನ ಖಿನ್ನತೆಯಿರುವ ತಾಯಂದಿರಿಗೆ, ತಜ್ಞರಲ್ಲದ ಕಾರ್ಯಕರ್ತೆಯರು ನೀಡುವ ಮಾನಸಿಕ ಚಿಕಿತ್ಸೆಯು, ಸಾಮಾನ್ಯ ಆರೈಕೆಗೆ ಹೋಲಿಸಿದರೆ, ಖಿನ್ನತೆಯನ್ನು ಕಡಿಮೆ ಮಾಡುತ್ತದೆಯೇ?' ನಿಮ್ಮ ಅಧ್ಯಯನವು ಅನುಭವದ ಕುರಿತಾಗಿದ್ದರೆ, ಅಂದರೆ ತವರಿನಲ್ಲಿ ಬಾಣಂತನ ಮಾಡಿಸಿಕೊಳ್ಳುವ ತಾಯಿ ತನ್ನ ದುಃಖವನ್ನು ಹೇಗೆ ವಿವರಿಸುತ್ತಾಳೆ ಎಂಬಂಥದ್ದಾಗಿದ್ದರೆ, ಪಿಕೊವನ್ನು ಬಲವಂತವಾಗಿ ಹೊಂದಿಸಬಾರದು. ಗುಣಾತ್ಮಕ ಸಂಶೋಧನೆಗೆಂದೇ 'ಸ್ಪೈಡರ್' ಎಂಬ ಬೇರೆ ಚೌಕಟ್ಟಿದೆ.

ಪ್ರಶ್ನೆಯ ಪ್ರತಿ ಪದಕ್ಕೂ ವ್ಯಾಖ್ಯೆ ಬೇಕು. ಹೆರಿಗೆಯಾದ ಮೊದಲ ದಿನಗಳಲ್ಲಿ ಬಹಳಷ್ಟು ತಾಯಂದಿರಲ್ಲಿ ಕಾಣಿಸಿಕೊಂಡು ತಾನಾಗಿ ಕಡಿಮೆಯಾಗುವ ಅಳು ಮತ್ತು ಚಂಚಲತೆ ಒಂದು ಬಗೆ, ವಾರಗಟ್ಟಲೆ ಉಳಿಯುವ ಖಿನ್ನತೆ ಇನ್ನೊಂದು ಬಗೆ, ನಮ್ಮ ಹಳ್ಳಿಗಳಲ್ಲಿ 'ಬಾಣಂತಿ ಸನ್ನಿ' ಎಂದು ಕರೆಯುವ ತೀವ್ರ ಮನೋವಿಕಾರ ಮೂರನೆಯದು. ಈ ಮೂರರ ಗಡಿಯನ್ನು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಮುಂದೆ ಓದುವುದೆಲ್ಲ ಒಂದಕ್ಕೊಂದು ಬೆರೆತುಹೋಗುತ್ತದೆ. ಕಾಲದ ಮಿತಿಯ ಬಗ್ಗೆ ರೋಗನಿರ್ಣಯದ ಕೈಪಿಡಿಗಳಲ್ಲೇ ಒಮ್ಮತವಿಲ್ಲ. ಡಿಎಸ್‌ಎಂ-5ರ ಪ್ರಕಾರ ಲಕ್ಷಣಗಳು ಗರ್ಭಾವಸ್ಥೆಯಲ್ಲಿ ಅಥವಾ ಹೆರಿಗೆಯಾದ 4 ವಾರಗಳೊಳಗೆ ಆರಂಭವಾಗಿರಬೇಕು. ಐಸಿಡಿ-10 ಹೆರಿಗೆಯಿಂದ 6 ವಾರಗಳವರೆಗೆ ಅವಕಾಶ ಕೊಡುತ್ತದೆ. ಸಂಶೋಧಕರಂತೂ ಅನೇಕ ಸಲ ಇಡೀ ವರ್ಷವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ನೀವು ಯಾವ ಮಿತಿಯನ್ನು ಒಪ್ಪಿದ್ದೀರಿ, ಏಕೆ ಒಪ್ಪಿದ್ದೀರಿ ಎಂಬುದು ಸಮೀಕ್ಷೆಯ ಮೊದಲ ಪುಟಗಳಲ್ಲೇ ಬರಬೇಕು.

ಯಾವ ಬಗೆಯ ಸಮೀಕ್ಷೆ?

ಪ್ರೌಢಪ್ರಬಂಧದ ಎರಡನೆಯ ಅಧ್ಯಾಯವಾಗಿ ಬರುವುದು ಸಾಮಾನ್ಯವಾಗಿ ನಿರೂಪಣಾತ್ಮಕ ಸಮೀಕ್ಷೆ. ಒಂದು ಕ್ಷೇತ್ರದಲ್ಲಿ ಏನೇನು ಕೆಲಸವಾಗಿದೆ ಎಂಬ ವ್ಯಾಪ್ತಿಯನ್ನಷ್ಟೇ ಗುರುತಿಸುವುದು ಸ್ಕೋಪಿಂಗ್ ಸಮೀಕ್ಷೆ. ಮೊದಲೇ ಪ್ರಕಟಿಸಿದ ನಿಯಮಗಳಂತೆ ಎಲ್ಲ ಅಧ್ಯಯನಗಳನ್ನೂ ಹುಡುಕಿ ತೂಗುವುದು ವ್ಯವಸ್ಥಿತ ಸಮೀಕ್ಷೆ, ಅಂದರೆ ಸಿಸ್ಟಮ್ಯಾಟಿಕ್ ರಿವ್ಯೂ. ಇದನ್ನು ಕೈಗೆತ್ತಿಕೊಳ್ಳುವವರು ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯ ನಡೆಸುವ ಪ್ರಾಸ್ಪೆರೊ ದಾಖಲೆಯಲ್ಲಿ ತಮ್ಮ ಯೋಜನೆಯನ್ನು ಮುಂಚಿತವಾಗಿ ನೋಂದಾಯಿಸಬೇಕು, ವರದಿಯನ್ನು ಪ್ರಿಸ್ಮಾ 2020ರ 27 ಅಂಶಗಳ ಪಟ್ಟಿಗೆ ಅನುಗುಣವಾಗಿ ಬರೆಯಬೇಕು, ಆಯ್ಕೆಯ ಹಂತದಲ್ಲಿ ಎರಡನೆಯ ಪರಿಶೀಲಕರನ್ನೂ ಜೊತೆಗಿಟ್ಟುಕೊಳ್ಳಬೇಕು. ಒಬ್ಬರೇ ಕೂತು ಮಾಡಿದ ಕೆಲಸವನ್ನು 'ವ್ಯವಸ್ಥಿತ' ಎಂದು ಕರೆಯುವುದು ಪ್ರಾಮಾಣಿಕವಲ್ಲ. ನಿರೂಪಣಾತ್ಮಕ ಸಮೀಕ್ಷೆಯನ್ನೇ ಶಿಸ್ತಾಗಿ ಬರೆದು, ಹುಡುಕಾಟದ ವಿವರವನ್ನು ಒಂದು ಪುಟದಲ್ಲಿ ಕೊಡುವುದು ಸ್ನಾತಕೋತ್ತರ ಹಂತಕ್ಕೆ ಸಾಕೆಂಬುದು ನನ್ನ ಅಭಿಪ್ರಾಯ.

ಹುಡುಕಾಟ

ಗೂಗಲ್ ಸ್ಕಾಲರ್‌ನಿಂದ ಶುರುಮಾಡುವುದರಲ್ಲಿ ತಪ್ಪಿಲ್ಲ, ಆದರೆ ಅಲ್ಲೇ ನಿಲ್ಲಬಾರದು. ಅದು ಫಲಿತಾಂಶಗಳನ್ನು ಯಾವ ಕ್ರಮದಲ್ಲಿ ಜೋಡಿಸುತ್ತದೆ ಎಂಬುದು ನಮ್ಮ ನಿಯಂತ್ರಣದಲ್ಲಿ ಇರುವುದಿಲ್ಲವಾದ್ದರಿಂದ, ಇಂದಿನ ಹುಡುಕಾಟವನ್ನು ಮುಂದಿನ ತಿಂಗಳು ಇನ್ನೊಬ್ಬರು ಹಾಗೆಯೇ ಮರುಕಳಿಸಲಾಗದು. ವೈದ್ಯಕೀಯ ಲೇಖನಗಳ ದತ್ತಸಂಚಯವಾದ (ಡೇಟಾಬೇಸ್) ಪಬ್‌ಮೆಡ್ ಉಚಿತ. ಮನೋವಿಜ್ಞಾನಕ್ಕೆ ಮುಖ್ಯವಾದ ಸೈಕ್‌ಇನ್ಫೋ ನಿಮ್ಮ ಸಂಸ್ಥೆಯ ಚಂದಾದ ಮೂಲಕ ಸಿಗುತ್ತದೆ. ಚಿಕಿತ್ಸೆಯ ಪ್ರಯೋಗಗಳಿಗೆ ಕಾಕ್ರೇನ್ ಗ್ರಂಥಾಲಯವನ್ನು ನೋಡಲೇಬೇಕು. ಭಾರತೀಯ ಪಿಎಚ್.ಡಿ. ಪ್ರಬಂಧಗಳು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾದಲ್ಲಿವೆ. ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿ ಮತ್ತು ಇಂಡಿಯನ್ ಜರ್ನಲ್ ಆಫ್ ಸೈಕಲಾಜಿಕಲ್ ಮೆಡಿಸಿನ್‌ನ ಲೇಖನಗಳನ್ನು ಹಣವಿಲ್ಲದೆ ಓದಬಹುದು. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಓದುತ್ತಿರುವವರಿಗೆ 2025ರ ಜನವರಿಯಿಂದ 'ಒಂದು ದೇಶ ಒಂದು ಚಂದಾ' ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಲಭ್ಯವಾಗಿವೆ. ಪೂರ್ಣ ಲೇಖನ ಸಿಗಲಿಲ್ಲವೆಂದು ಸಾರಾಂಶವನ್ನೇ ಉಲ್ಲೇಖಿಸುವ ಮೊದಲು ನಿಮ್ಮ ಗ್ರಂಥಪಾಲಕರನ್ನು ಒಮ್ಮೆ ಕೇಳಿ. ಅಷ್ಟಾದ ಮೇಲೂ ಸಿಗದಿದ್ದರೆ ಲೇಖಕರಿಗೇ ವಿನಯದಿಂದ ಮಿಂಚಂಚೆ ಬರೆಯಬಹುದು. ಅನೇಕರು ಸಂತೋಷದಿಂದ ಕಳುಹಿಸಿಕೊಡುತ್ತಾರೆ.

ಹುಡುಕುವ ಪದಗಳನ್ನು ಗುಂಪುಗಳಾಗಿ ಮಾಡಿಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಮೊದಲ ಗುಂಪು ಕಾಲಕ್ಕೆ ಸಂಬಂಧಿಸಿದ್ದು: ಪೋಸ್ಟ್‌ಪಾರ್ಟಮ್, ಪೋಸ್ಟ್‌ನೇಟಲ್, ಪೆರಿನೇಟಲ್, ಪ್ಯೂರ್ಪೆರಲ್, ಮೆಟರ್ನಲ್. ಎರಡನೆಯದು ತೊಂದರೆಗೆ: ಡಿಪ್ರೆಶನ್, ಡಿಪ್ರೆಸಿವ್, ಕಾಮನ್ ಮೆಂಟಲ್ ಡಿಸಾರ್ಡರ್. ಮೂರನೆಯದು ಚಿಕಿತ್ಸೆಗೆ, ನಾಲ್ಕನೆಯದು ದೇಶಕ್ಕೆ. ಒಂದೇ ಗುಂಪಿನ ಪದಗಳ ನಡುವೆ 'ಆರ್', ಗುಂಪುಗಳ ನಡುವೆ 'ಅಂಡ್' ಇರಬೇಕು. 'ನಾಟ್' ಬಳಸುವಾಗ ಎಚ್ಚರ ಬೇಕು. 'ಸೈಕೋಸಿಸ್' (ತೀವ್ರ ಮನೋವಿಕಾರ) ಇರುವ ಲೇಖನಗಳು ಬೇಡವೆಂದು ಅದನ್ನು ಹಾಕಿದರೆ, 'ಸೈಕೋಸಿಸ್ ಇದ್ದವರನ್ನು ಕೈಬಿಡಲಾಗಿದೆ' ಎಂದು ಸಾರಾಂಶದಲ್ಲಿ ಬರೆದ ಒಳ್ಳೆಯ ಅಧ್ಯಯನವೂ ಮರೆಯಾಗಿಬಿಡುತ್ತದೆ. ಪಬ್‌ಮೆಡ್‌ನ 'ಮೆಶ್' ಎಂಬ ವಿಷಯಸೂಚಿಯಲ್ಲಿ 'ಡಿಪ್ರೆಶನ್, ಪೋಸ್ಟ್‌ಪಾರ್ಟಮ್' ಎಂಬ ಶೀರ್ಷಿಕೆಯೇ ಇದೆ. ಆದರೆ ಪಬ್‌ಮೆಡ್‌ನ ಎಲ್ಲ ಲೇಖನಗಳಿಗೂ ಮೆಶ್ ಶೀರ್ಷಿಕೆ ಅಂಟಿರುವುದಿಲ್ಲವಾದ್ದರಿಂದ ಅದರ ಜೊತೆಗೆ ಸಾಮಾನ್ಯ ಪದಗಳನ್ನೂ ಸೇರಿಸಿ ಹುಡುಕಬೇಕು.

ಪ್ರತಿ ಹುಡುಕಾಟದ ದಿನಾಂಕ, ದತ್ತಸಂಚಯದ ಹೆಸರು, ಬಳಸಿದ ಪದಗಳ ಸಾಲು, ಸಿಕ್ಕ ಲೇಖನಗಳ ಸಂಖ್ಯೆ ಇವಿಷ್ಟನ್ನೂ ಅಂದೇ ಒಂದು ಪುಸ್ತಕದಲ್ಲಿ ಬರೆದಿಡಿ. ಆರು ತಿಂಗಳ ನಂತರ ನೆನಪಿನಿಂದ ಬರೆಯುತ್ತೇನೆಂದರೆ ಆಗದು. ಸಿಕ್ಕಿದ್ದನ್ನು ಜೋಟೆರೊದಂಥ ಉಚಿತ ಸಾಧನದಲ್ಲಿ ಕೂಡಿಟ್ಟರೆ ಪುನರಾವರ್ತನೆಗಳನ್ನು ತೆಗೆಯುವುದೂ, ಕೊನೆಯಲ್ಲಿ ಉಲ್ಲೇಖಗಳನ್ನು ಎಪಿಎ ಏಳನೆಯ ಆವೃತ್ತಿಯ ಶೈಲಿಯಲ್ಲಿ ಜೋಡಿಸುವುದೂ ಸುಲಭ. ಬಳಿಕ ಶೀರ್ಷಿಕೆ ನೋಡಿ, ಸಾರಾಂಶ ಓದಿ, ಕೊನೆಗೆ ಪೂರ್ಣ ಲೇಖನ ಓದಿ ಆರಿಸಬೇಕು. ಪೂರ್ಣ ಲೇಖನ ಓದಿದ ಮೇಲೆ ಕೈಬಿಟ್ಟ ಪ್ರತಿಯೊಂದಕ್ಕೂ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ.

ಓದುವ ಹಂತ: ಅಂಕಿಗಳ ಹಿಂದೆ ಏನಿದೆ

ವಿದ್ಯಾರ್ಥಿಗಳು ಅತಿ ಕಡಿಮೆ ಸಮಯ ಕೊಡುವುದು ಈ ಹಂತಕ್ಕೆ, ಸಮೀಕ್ಷೆಯ ಗುಣ ನಿರ್ಧಾರವಾಗುವುದೂ ಇಲ್ಲಿಯೇ.

2002ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳನ್ನು ಪಕ್ಕಪಕ್ಕ ಇಡೋಣ. ಗೋವಾದಲ್ಲಿ ಪಟೇಲ್ ಮತ್ತು ಸಂಗಡಿಗರು ಹೆರಿಗೆಯಾದ 6ರಿಂದ 8 ವಾರಗಳಲ್ಲಿ ನೋಡಿದಾಗ ತಾಯಂದಿರಲ್ಲಿ ಶೇ. 23 ಮಂದಿಗೆ ಖಿನ್ನತೆಯಿತ್ತು. ಗ್ರಾಮೀಣ ತಮಿಳುನಾಡಿನಲ್ಲಿ ಚಂದ್ರನ್ ಮತ್ತು ಸಂಗಡಿಗರು 6ರಿಂದ 12 ವಾರಗಳಲ್ಲಿ ಕಂಡದ್ದು ಶೇ. 11. ಹಾಗಾದರೆ ಗೋವಾದಲ್ಲಿ ಖಿನ್ನತೆ ತಮಿಳುನಾಡಿನ ಎರಡರಷ್ಟು ಎಂದು ಬರೆಯಬಹುದೇ? ಬರೆಯಲಾಗದು. ಗೋವಾದ ಅಂಕಿ ಆ ಹೊತ್ತಿನಲ್ಲಿ ಖಿನ್ನತೆಯಿದ್ದ ಎಲ್ಲರನ್ನೂ ಒಳಗೊಂಡ ವ್ಯಾಪಕತೆ. ತಮಿಳುನಾಡಿನ ಅಂಕಿಯಲ್ಲಿರುವವರು ಹೆರಿಗೆಯ ನಂತರ ಹೊಸದಾಗಿ ಖಿನ್ನತೆಗೆ ಒಳಗಾದವರು ಮಾತ್ರ. ಗರ್ಭಿಣಿಯಾಗಿದ್ದಾಗಲೇ ಖಿನ್ನತೆಯಿದ್ದವರು ಅದರೊಳಗೆ ಬರುವುದಿಲ್ಲ. ಎರಡೂ ಅಂಕಿಗಳು ಸರಿಯೇ, ಅವು ಉತ್ತರಿಸುತ್ತಿರುವ ಪ್ರಶ್ನೆಗಳು ಬೇರೆ. ಇದನ್ನು ಹಿಡಿಯಬೇಕಾದರೆ ಸಾರಾಂಶ ಸಾಲದು, ವಿಧಾನದ ಭಾಗವನ್ನು ನಿಧಾನವಾಗಿ ಓದಬೇಕು.

ಇನ್ನು ಎಲ್ಲವನ್ನೂ ಒಟ್ಟುಗೂಡಿಸಿದ ಅಂಕಿಯನ್ನು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ 2017ರಲ್ಲಿ ಉಪಾಧ್ಯಾಯ್ ಮತ್ತು ಸಂಗಡಿಗರು ಭಾರತದ 38 ಅಧ್ಯಯನಗಳ 20,043 ತಾಯಂದಿರ ಮಾಹಿತಿಯನ್ನು ಸೇರಿಸಿ ಶೇ. 22 ಎಂಬ ಅಂದಾಜು ಕೊಟ್ಟರು. ಎಷ್ಟೋ ಪ್ರಬಂಧಗಳಲ್ಲಿ ಈ ಒಂದು ಅಂಕಿಯನ್ನು ಎತ್ತಿಕೊಂಡು ಮುಂದೆ ಹೋಗುತ್ತಾರೆ. ಆದರೆ ಅದೇ ಲೇಖನದಲ್ಲಿ ಅದಕ್ಕಿಂತ ಮುಖ್ಯವಾದ ಎರಡು ಸಂಗತಿಗಳಿವೆ. ಅಧ್ಯಯನಗಳ ನಡುವಿನ ಭಿನ್ನತೆಯ ಅಳತೆ ಶೇ. 96.8, ಅಂದರೆ ಅವುಗಳ ಫಲಿತಾಂಶಗಳಲ್ಲಿ ಕಾಣುವ ಏರಿಳಿತದ ಬಹುಪಾಲು ಕೇವಲ ಆಕಸ್ಮಿಕದಿಂದ ಬಂದದ್ದಲ್ಲ. ಹೆರಿಗೆಯಾದ ಎರಡು ವಾರಗಳೊಳಗೇ ಅಳೆದಿದ್ದ 8 ಅಧ್ಯಯನಗಳನ್ನು ತೆಗೆದಾಗ ಅಂದಾಜು ಶೇ. 19ಕ್ಕೆ ಇಳಿಯಿತು. ಮೊದಲ ದಿನಗಳ ತಾತ್ಕಾಲಿಕ ಅಳುವನ್ನು ಖಿನ್ನತೆಯೆಂದು ಎಣಿಸಿದ್ದರ ಪರಿಣಾಮ ಇದರಲ್ಲಿ ಇರಬಹುದೆಂದು ಊಹಿಸುವುದಕ್ಕೆ ಇಲ್ಲಿ ಆಧಾರ ಸಿಗುತ್ತದೆ. ಆರಂಭದಲ್ಲಿ ನೀವು ಬರೆದಿಟ್ಟ ವ್ಯಾಖ್ಯೆಗಳು ಕೆಲಸಕ್ಕೆ ಬರುವುದು ಹೀಗೆ.

ಅಳತೆಯ ಸಾಧನದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಬಾಣಂತಿಯರ ಖಿನ್ನತೆಗೆಂದು 1987ರಲ್ಲಿ ಬಂದ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ 10 ಪ್ರಶ್ನೆಗಳು, 30 ಅಂಕಗಳು ಇವೆ. ಅದು ಖಿನ್ನತೆ ಇರಬಹುದಾದವರನ್ನು ಗುರುತಿಸುತ್ತದೆಯೇ ಹೊರತು ರೋಗನಿರ್ಣಯ ಮಾಡುವುದಿಲ್ಲ. ಗಡಿ ಅಂಕವನ್ನು ಒಬ್ಬ ಸಂಶೋಧಕರು 10ಕ್ಕೆ, ಇನ್ನೊಬ್ಬರು 13ಕ್ಕೆ ಇಟ್ಟರೆ ಅದೇ ತಾಯಂದಿರಲ್ಲಿ 'ಖಿನ್ನತೆಯ ಪ್ರಮಾಣ' ಬದಲಾಗುತ್ತದೆ. ಅನುವಾದದ ಪ್ರಶ್ನೆಯೂ ಇದೆ. ಆರನೆಯ ಪ್ರಶ್ನೆಯ ಇಂಗ್ಲಿಷ್ ಮೂಲವೇ ಒಂದು ನುಡಿಗಟ್ಟು. ಪದಕ್ಕೆ ಪದ ಇಟ್ಟರೆ 'ಸಂಗತಿಗಳು ನನ್ನ ಮೇಲೇರುತ್ತಿವೆ' ಎಂದಾಗುತ್ತದೆ, ಅದು ಮಂಡ್ಯದ ಬಾಣಂತಿಗೂ ಅರ್ಥವಾಗದು, ಬೀದರಿನ ಬಾಣಂತಿಗೂ ಅರ್ಥವಾಗದು. ಅಲ್ಲಿ ಕೇಳಬೇಕಾದದ್ದು 'ಯಾವುದನ್ನೂ ನಿಭಾಯಿಸಲಾಗುತ್ತಿಲ್ಲ ಅನ್ನಿಸುತ್ತಿದೆಯೇ' ಎಂಬುದನ್ನು. ಆದ್ದರಿಂದ ಕನ್ನಡದಲ್ಲಿ ನಡೆದ ಪ್ರತಿ ಅಧ್ಯಯನವನ್ನು ಓದುವಾಗ ಯಾವ ಅನುವಾದ ಬಳಸಿದರು, ಅದನ್ನು ಕ್ಲಿನಿಕಲ್ ಸಂದರ್ಶನದ ಎದುರು ಪರೀಕ್ಷಿಸಿದ್ದರೇ, ಓದಲು ಬಾರದ ತಾಯಂದಿರಿಗೆ ಪ್ರಶ್ನೆಗಳನ್ನು ಓದಿ ಹೇಳಿದವರು ಯಾರು, ಅತ್ತೆ ಪಕ್ಕದಲ್ಲೇ ಕೂತಿದ್ದರೇ ಎಂದು ಹುಡುಕಿ. ಗ್ರಾಮೀಣ ಕರ್ನಾಟಕದಲ್ಲಿ ಎಡಿನ್‌ಬರೋ ಪ್ರಶ್ನಾವಳಿಯನ್ನು ಪರೀಕ್ಷಿಸಿದ 2011ರ ಅಧ್ಯಯನವೊಂದಿದೆ. ಆದರೆ ಅದು ಗರ್ಭಿಣಿಯರನ್ನು ಕುರಿತದ್ದು. ಅಲ್ಲಿಯ ಗಡಿ ಅಂಕವನ್ನು ಬಾಣಂತಿಯರಿಗೆ ಹಾಗೆಯೇ ಒಯ್ಯುವುದಾದರೆ ಅದಕ್ಕೆ ಸಮರ್ಥನೆ ಬೇಕು.

ಇದನ್ನೆಲ್ಲ ನೆನಪಿನಲ್ಲಿಟ್ಟುಕೊಳ್ಳಲು ಆಗದು. ಎಕ್ಸೆಲ್‌ನಲ್ಲಿ ಒಂದು ಅಧ್ಯಯನಕ್ಕೆ ಒಂದು ಸಾಲಿನಂತೆ ಕೋಷ್ಟಕ ಮಾಡಿ. ಸ್ಥಳ, ಮಾದರಿ ಆರಿಸಿದ ಬಗೆ, ಆಸ್ಪತ್ರೆಯೋ ಸಮುದಾಯವೋ, ಹೆರಿಗೆಯ ಎಷ್ಟು ವಾರಗಳ ನಂತರ, ಸಾಧನ ಮತ್ತು ಗಡಿ ಅಂಕ, ಭಾಷೆ, ಮಧ್ಯದಲ್ಲಿ ಬಿಟ್ಟುಹೋದವರ ಸಂಖ್ಯೆ, ಫಲಿತಾಂಶ ಎಂಬ ಕಂಬಸಾಲುಗಳಿರಲಿ. ಕೊನೆಯದಾಗಿ 'ನನ್ನ ಅನುಮಾನ' ಎಂಬ ಒಂದು ಕಂಬಸಾಲನ್ನೂ ಇಡಿ. ಸಮೀಕ್ಷೆಯ ಒಳ್ಳೆಯ ವಾಕ್ಯಗಳು ನನಗೆ ಬಹುತೇಕ ಈ ಕೊನೆಯ ಕಂಬಸಾಲಿನಿಂದಲೇ ದೊರೆತಿವೆ.

ಅಧ್ಯಯನದ ಗುಣಮಟ್ಟವನ್ನು ತೂಗಲು ಸಿದ್ಧ ಪಟ್ಟಿಗಳಿವೆ. ಯಾದೃಚ್ಛಿಕ ಪ್ರಯೋಗಗಳಿಗೆ ಕಾಕ್ರೇನ್‌ನ 'ರಾಬ್ 2', ಇತರ ವಿನ್ಯಾಸಗಳಿಗೆ ಜೆಬಿಐ ಅಥವಾ ಕ್ಯಾಸ್ಪ್ ಪಟ್ಟಿಗಳನ್ನು ಬಳಸಬಹುದು. ಅಂಕ ಕೊಟ್ಟು ಕೂಡುವುದಕ್ಕಿಂತ, ಪ್ರತಿ ದೋಷವು ಫಲಿತಾಂಶವನ್ನು ಯಾವ ದಿಕ್ಕಿಗೆ ಎಳೆಯಬಹುದೆಂದು ಯೋಚಿಸುವುದು ಹೆಚ್ಚು ಉಪಯುಕ್ತ.

ಬರೆಯುವುದು: ಲೇಖಕರ ಸರಣಿಯಿಂದ ವಾದದ ಕಡೆಗೆ

ಕೋಷ್ಟಕ ತುಂಬಿದ ಮೇಲೆ ಅದನ್ನು ಅಡ್ಡಸಾಲಿನಲ್ಲಿ ಓದದೆ ಮೇಲಿನಿಂದ ಕೆಳಕ್ಕೆ ಓದಿ. ಎಲ್ಲೆಲ್ಲಿ ಅಧ್ಯಯನಗಳು ಗುಂಪುಗೂಡುತ್ತವೆಯೋ ಅವೇ ನಿಮ್ಮ ಉಪಶೀರ್ಷಿಕೆಗಳು. ಪ್ರತಿ ಪರಿಚ್ಛೇದದ ಮೊದಲ ವಾಕ್ಯವು ಲೇಖಕರ ಹೆಸರಿನಿಂದಲ್ಲ, ನಿಮ್ಮ ಹೇಳಿಕೆಯಿಂದ ಆರಂಭವಾಗಬೇಕು.

ಸಾಮಾನ್ಯವಾಗಿ ಕಾಣುವ ಬರವಣಿಗೆ ಹೀಗಿರುತ್ತದೆ: 'ಪಟೇಲ್ ಮತ್ತು ಸಂಗಡಿಗರು 2002ರಲ್ಲಿ ಗೋವಾದಲ್ಲಿ ಅಧ್ಯಯನ ಮಾಡಿ ಶೇ. 23 ಎಂದು ಕಂಡುಕೊಂಡರು. ಚಂದ್ರನ್ ಮತ್ತು ಸಂಗಡಿಗರು 2002ರಲ್ಲಿ ತಮಿಳುನಾಡಿನಲ್ಲಿ ಅಧ್ಯಯನ ಮಾಡಿ ಶೇ. 11 ಎಂದು ಕಂಡುಕೊಂಡರು.'

ಅದನ್ನೇ ಹೀಗೆ ಬರೆಯಬಹುದು: 'ದಕ್ಷಿಣ ಮತ್ತು ಪಶ್ಚಿಮ ಭಾರತದ ಅಂಕಿಗಳ ನಡುವಿನ ಅಂತರದ ಒಂದು ಭಾಗ, ಅಳೆದ ಸಂಗತಿಯೇ ಬೇರೆಯಾಗಿದ್ದರಿಂದ ಬಂದದ್ದು. ಗೋವಾದ ಅಧ್ಯಯನವು ಆಗ ಖಿನ್ನತೆಯಿದ್ದ ಎಲ್ಲ ತಾಯಂದಿರನ್ನು ಎಣಿಸಿದರೆ, ತಮಿಳುನಾಡಿನದು ಹೊಸ ಪ್ರಕರಣಗಳನ್ನು ಬೇರ್ಪಡಿಸಿತು. ಆದರೂ ಎರಡು ಕಡೆಯೂ ಬಡತನ, ಹೆಣ್ಣುಮಗುವಿನ ಜನನ ಮತ್ತು ಮನೆಯೊಳಗಿನ ಸಂಬಂಧಗಳ ಬಿಕ್ಕಟ್ಟು ಖಿನ್ನತೆಯೊಂದಿಗೆ ಕೂಡಿಬಂದಿವೆ. ಆದ್ದರಿಂದ ಪ್ರಮಾಣಕ್ಕಿಂತ ಅಪಾಯಾಂಶಗಳ ಬಗೆಗಿನ ಸಾಕ್ಷ್ಯ ಹೆಚ್ಚು ಸ್ಥಿರವಾಗಿ ಕಾಣುತ್ತದೆ.' ಇದರಲ್ಲಿ ಹೋಲಿಕೆಯಿದೆ, ಕಾರಣವಿದೆ, ಕೊನೆಗೆ ಬರೆದವರ ತೀರ್ಮಾನವೂ ಇದೆ.

ಚಿಕಿತ್ಸೆಯ ಫಲಿತಾಂಶಗಳಿಗೂ ಇದೇ ರೀತಿ ಅನ್ವಯಿಸುತ್ತದೆ. ಪಾಕಿಸ್ತಾನದ ಗ್ರಾಮೀಣ ರಾವಲ್ಪಿಂಡಿಯಲ್ಲಿ ರಹಮಾನ್ ಮತ್ತು ಸಂಗಡಿಗರು 2008ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ವರ್ತನಾ-ಗ್ರಹಿಕೆಯ ಚಿಕಿತ್ಸೆಯ ಸರಳ ರೂಪವನ್ನು ನೀಡಿದರು. ಆರು ತಿಂಗಳಲ್ಲಿ ಚಿಕಿತ್ಸೆ ಪಡೆದವರಲ್ಲಿ ಶೇ. 23, ಹೋಲಿಕೆಗೆಂದು ಇಟ್ಟ ನಿಯಂತ್ರಣ ಗುಂಪಿನಲ್ಲಿ ಶೇ. 53 ಮಂದಿಗೆ ಖಿನ್ನತೆ ಉಳಿದಿತ್ತು. ಅದೇ ಮಾದರಿಯನ್ನು ನೆರೆಹೊರೆಯ ತಾಯಂದಿರ ಮೂಲಕ ನೀಡಿದ ಗೋವಾ ಮತ್ತು ಪಾಕಿಸ್ತಾನದ ಪ್ರಯೋಗಗಳು 2019ರಲ್ಲಿ ಪ್ರಕಟವಾದಾಗ ವ್ಯತ್ಯಾಸ ಅಷ್ಟು ದೊಡ್ಡದಿರಲಿಲ್ಲ. ಇಲ್ಲಿ 'ಫಲಿತಾಂಶಗಳು ಮಿಶ್ರವಾಗಿವೆ' ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಚಿಕಿತ್ಸೆ ನೀಡಿದವರು ಬದಲಾಗಿದ್ದರು. ಹೊಸ ಪ್ರಯೋಗಗಳಲ್ಲಿ ನಿಯಂತ್ರಣ ಗುಂಪಿಗೂ ಸುಧಾರಿತ ಆರೈಕೆ ದೊರೆತಿತ್ತು, ಆ ಗುಂಪಿನ ತಾಯಂದಿರೂ ಬಹಳ ಮಂದಿ ಚೇತರಿಸಿಕೊಂಡಿದ್ದರು. ಹೋಲಿಕೆಯ ಗುಂಪಿಗೆ ಏನು ಸಿಕ್ಕಿತ್ತು ಎಂದು ನೋಡದೆ ಚಿಕಿತ್ಸೆಯ ಬಲವನ್ನು ಅಳೆಯಲಾಗದು.

ಕೊರತೆಯನ್ನು ಹೇಳುವ ಬಗೆ

'ಕರ್ನಾಟಕದಲ್ಲಿ ಈ ಅಧ್ಯಯನ ನಡೆದಿಲ್ಲ, ಆದ್ದರಿಂದ ನಾನು ಮಾಡುತ್ತೇನೆ' ಎಂಬುದು ದುರ್ಬಲ ವಾದ. ಕರ್ನಾಟಕದಲ್ಲಿ ನಡೆದರೆ ಉತ್ತರ ಬೇರೆಯಾಗಬಹುದು ಎಂದು ನಂಬುವುದಕ್ಕೆ ಕಾರಣ ಬೇಕು. ಮೊದಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿಯಿಂದಾಗಿ ತಾಯಿಗೆ ಮೊದಲ ತಿಂಗಳುಗಳಲ್ಲಿ ಆಸರೆ ಹೆಚ್ಚಿದ್ದು, ಗಂಡನ ಮನೆಗೆ ಮರಳಿದ ಮೇಲೆ ಅದು ಕಡಿಮೆಯಾಗಬಹುದು. ಹಾಗಿದ್ದರೆ ಆರನೆಯ ವಾರದಲ್ಲಿ ಅಳೆಯುವ ಅಧ್ಯಯನಗಳು ಆನಂತರದ ಖಿನ್ನತೆಯನ್ನು ಕಾಣದೇ ಹೋಗಿರಬಹುದು ಎಂಬ ವಾದ ನೋಡಿ. ಇದು ಓದಿದ ಅಧ್ಯಯನಗಳ ಒಂದು ನಿರ್ದಿಷ್ಟ ಮಿತಿಯಿಂದ ಹುಟ್ಟಿದೆ. ಇದರಿಂದ ನಿಮ್ಮ ಸಂಶೋಧನೆಯ ವಿನ್ಯಾಸ, ಅಳೆಯುವ ಸಮಯ, ಮಾದರಿ ಎಲ್ಲವೂ ಸಹಜವಾಗಿ ಹೊರಬರುತ್ತವೆ. ಮೂರನೆಯ ಅಧ್ಯಾಯದಲ್ಲಿ ವಿಧಾನವನ್ನು ಓದುವ ಪರೀಕ್ಷಕರು 'ಇದನ್ನೇ ಏಕೆ ಆರಿಸಿದಿರಿ' ಎಂದು ಕೇಳುವ ಅಗತ್ಯವೇ ಬೀಳಬಾರದು.

ಒಪ್ಪಿಸುವ ಮುನ್ನ

ಕೃತಿಚೌರ್ಯದ ಬಗೆಗಿನ ಯುಜಿಸಿಯ 2018ರ ನಿಯಮಗಳ ಪ್ರಕಾರ ಬೇರೆಯವರ ಬರಹದೊಂದಿಗೆ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಆದರೆ ಇನ್ನೊಬ್ಬರ ವಾಕ್ಯದಲ್ಲಿ ನಾಲ್ಕು ಪದ ಬದಲಿಸಿ ಆ ಮಿತಿಯೊಳಗೆ ಉಳಿಯುವುದು ಬರವಣಿಗೆಯಲ್ಲ. ಲೇಖನವನ್ನು ಮುಚ್ಚಿಟ್ಟು, ಅದು ಹೇಳಿದ್ದನ್ನು ಕನ್ನಡದಲ್ಲಿ ಸ್ನೇಹಿತರೊಬ್ಬರಿಗೆ ವಿವರಿಸಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇದು ವಿಶೇಷವಾಗಿ ನೆರವಾಗುತ್ತದೆ, ಏಕೆಂದರೆ ಮಾತೃಭಾಷೆಯಲ್ಲಿ ವಿವರಿಸಲಾಗದಿದ್ದರೆ ಅದಿನ್ನೂ ಅರ್ಥವಾಗಿಲ್ಲವೆಂದು ಅಲ್ಲೇ ತಿಳಿದುಬಿಡುತ್ತದೆ. ಎಐ ಸಾಧನಗಳು ಇಲ್ಲದ ಲೇಖನಗಳಿಗೆ ನಂಬುವಂಥ ಹೆಸರು, ಇಸವಿ, ಪುಟಸಂಖ್ಯೆಗಳನ್ನು ಕಟ್ಟಿಕೊಡುವುದುಂಟು. ನೀವೇ ತೆರೆದು ಓದದ ಯಾವುದನ್ನೂ ಉಲ್ಲೇಖಿಸಬೇಡಿ. ಒಬ್ಬರು ಇನ್ನೊಬ್ಬರನ್ನು ಉಲ್ಲೇಖಿಸಿದ್ದನ್ನು ನಂಬಿ ಬರೆಯುವ ಮೊದಲು ಮೂಲವನ್ನು ನೋಡಿ, ಅಂಕಿಗಳು ಕೈಬದಲಾಗುವಾಗ ತಪ್ಪುವುದು ಸಾಮಾನ್ಯ.

ಪ್ರಬಂಧ ಒಪ್ಪಿಸುವ ಸುಮಾರು ಒಂದು ತಿಂಗಳ ಮುಂಚೆ, ಬರೆದಿಟ್ಟ ಅದೇ ಪದಗಳ ಸಾಲನ್ನು ಅದೇ ದತ್ತಸಂಚಯಗಳಲ್ಲಿ ಮತ್ತೊಮ್ಮೆ ಓಡಿಸಿ, ಹಿಂದಿನ ದಿನಾಂಕದ ನಂತರ ಬಂದದ್ದನ್ನು ಸೇರಿಸಿ. ನೀವು ಉಲ್ಲೇಖಿಸಿದ ಯಾವುದಾದರೂ ಲೇಖನವನ್ನು ಪತ್ರಿಕೆ ಹಿಂತೆಗೆದುಕೊಂಡಿದೆಯೇ ಎಂದು ಪಬ್‌ಮೆಡ್‌ನಲ್ಲಿ ಒಂದೊಂದಾಗಿ ಪರಿಶೀಲಿಸಿ. ಹೊಸ ಹುಡುಕಾಟದ ದಿನಾಂಕವನ್ನು ಹಳೆಯದರ ಪಕ್ಕದಲ್ಲೇ ದಾಖಲಿಸಿ, ಬದಲಾದ ಸಂಖ್ಯೆಗಳನ್ನು ಪಠ್ಯದಲ್ಲೂ ಕೋಷ್ಟಕದಲ್ಲೂ ಒಂದೇ ಬಾರಿಗೆ ತಿದ್ದಿ.